ಮನ್ಯಾಗ ಆರನೇತ್ತಾ ಗಣಿತ: ವರ್ಷದ ಹಂಚಿಕಿ ನಾ ಮಾಡಿದ್ದು ಹಿಂಗ

ಮಗಳನ್ನ ಸಾಲಿಗೆ ಕಳಸೂದಿಲ್ಲ, ಮನ್ಯಾಗ ಓದಸ್ತೀವಿ ಅಂದಕೂಡ್ಲೆ ಮಂದಿ ಮೊದಲ ಕೇಳೂದು ಸರ್ಟಿಫಿಕೇಟ್ ಬಗ್ಗೆ, ಆಮ್ಯಾಲೆ ಗಣಿತದ ಬಗ್ಗೆ. ಸರ್ಟಿಫಿಕೇಟ್‌ದು ಒಂದ ಮಾತಿನ್ಯಾಗ ಮುಗೀತದ, ಹತ್ತನೇತ್ತಾ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಕಡೆಯಿಂದ ಕಟ್ಟಸೂದು, ಅದಕ್ಕ 14 ವರ್ಷ ತುಂಬಿರಬೇಕು, ಪರೀಕ್ಷಾ ವರ್ಷದಾಗ ಎರಡು ಸಲ ಇರ್ತಾವ, ಏಪ್ರಿಲ್-ಮೇದಾಗ ಒಮ್ಮೆ, ಅಕ್ಟೋಬರ್-ನವೆಂಬರ್‌ದಾಗ ಒಮ್ಮೆ. ಅಂದ್ರ ಆರನೇತ್ತಾಕ್ಕ ನಮ್ಮ ಹಿಂದ ಯಾರೂ ಕೋಲು ಹಿಡದು ನಿಂತಿಲ್ಲ. ಅದ ಛಲೋನೂ ಹೌದು ಕಷ್ಟನೂ ಹೌದು, ಯಾಕಂದ್ರ ಯಾರೂ ಕೇಳೂದಿಲ್ಲ ಅಂದಮ್ಯಾಲೆ ಗಣಿತ ನಾಳಿಗೆ, ನಾಡದಿಗೆ ಅಂತ ಹಿಂದ ಸರ್ಕೋತನ ಹೋಗ್ತದ.

ಪುಸ್ತಕ ನಾವು ಸರ್ಕಾರದ್ದ ಇಟಗೊಂಡೀವಿ, ಭಾಗ 1 ಮತ್ತ ಭಾಗ 2, ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ದಾಗ ಪಿಡಿಎಫ್ ಪುಕ್ಕಟ ಸಿಗ್ತಾವ, ಝೆರಾಕ್ಸ್ ಅಂಗಡ್ಯಾಗ ಪ್ರಿಂಟ್ ತಗಸಿ ಸ್ಪೈರಲ್ ಹಾಕಿಸಿದ್ರ ಆತು. ಭಾಳ ಮಂದಿ ಮಾಡೂದು ಏನಂದ್ರ ಒಟ್ಟು ಪುಟ ಎಷ್ಟು, ವಾರ ಎಷ್ಟು, ಭಾಗಾಕಾರ ಮಾಡಿ ವಾರಕ್ಕ ಇಷ್ಟು ಪುಟ ಅಂತ ಗೆರಿ ಹೊಡೀತಾರ. ನನಗ ಅದು ಸರಿ ಅನಸಲಿಲ್ಲ. ಸಮಮಿತಿ ಪಾಠದ ಒಂದು ಪುಟ ಹತ್ತು ನಿಮಿಷದಾಗ ಮುಗೀತದ, ಭಿನ್ನರಾಶಿ ಪಾಠದ ಒಂದು ಪುಟಕ್ಕ ಒಂದು ವಾರ ಬೇಕಾಗಬಹುದು, ಎರಡಕ್ಕೂ ಒಂದ ಅಳತಿ ಹಾಕಿದ್ರ ಹೆಂಗ.

ಅದಕ್ಕ ನಾ ಪುಸ್ತಕ ಬಿಟ್ಟು ಮೊದಲ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಇಳಿಸಿ ಕುಂತೆ. ಶಿಕ್ಷಣ ಹಕ್ಕು ಕಾಯ್ದೆದಾಗ ಆರರಿಂದ ಎಂಟನೇತ್ತಾಕ್ಕ ವರ್ಷಕ್ಕ 220 ಕೆಲಸದ ದಿನ, 1000 ತಾಸು ಪಾಠ ಅಂತ ಅದ, ಆದ್ರ ಅದು 30-40 ಹುಡುಗರು ಕುಂಡ್ರೂ ಕ್ಲಾಸಿಗೆ, ಒಂದ ಹುಡುಗಿ ಎದುರಿಗೆ ಕುಂತಾಗ ಅಷ್ಟು ಬೇಕಾಗೂದಿಲ್ಲ. ನಾ ನೋಡಿದ್ದು ಯಾವ ವಾರ ಹೋಗೂದ ಗ್ಯಾರಂಟಿ ಅನ್ನೂದು. ನಾಗರ ಪಂಚಮಿಗೆ ಜೋಕಾಲಿ ಕಟ್ಟಿದ ಮ್ಯಾಲೆ ಯಾವ ಹುಡುಗಿ ನೋಟ್‌ಬುಕ್ ಮುಟ್ಟತಾಳ ಹೇಳ್ರಿ, ಗಣಪತಿ, ದಸರಾ, ದೀಪಾವಳಿ, ಎಳ್ಳ ಅಮಾಸಿಗೆ ಊರಿಗೆ ಹೋಗಿ ಹೊಲದಾಗ ಚರಗಾ ಚೆಲ್ಲೂದು, ಸಂಕ್ರಮಣಕ್ಕ ಸಿದ್ಧೇಶ್ವರ ಜಾತ್ರಿ, ಮುಂದ ಜ್ವಾಳದ ರಾಶಿ. ಇವನ್ನೆಲ್ಲಾ ಮೊದಲ ಕೆಂಪು ಪೆನ್ನಲೆ ಹೊಡದು ಹಾಕಿದೆ. ಜೂನ್‌ದಿಂದ ಏಪ್ರಿಲ್ ತನಕ ಉಳದದ್ದು ಸುಮಾರು 35 ವಾರ. ಪಾಠ ಹಂಚಿದ್ದು ಮಾತ್ರ 28 ವಾರಕ್ಕ. ಉಳದ ಏಳು ವಾರ ಖಾಲಿ, ಬೇಕಂತನ ಖಾಲಿ. ನಮ್ಮ ಮನಿಯವರು "ಇಷ್ಟ್ಯಾಕ ರಜಾ ಕೊಟ್ಟಿ" ಅಂದ್ರು, ಅದು ರಜಾ ಅಲ್ರೀ, ಜ್ವರ ಬಂದ್ರ, ಪಾಹುಣ್ಯಾರು ಬಂದ್ರ, ಯಾವುದರ ಪಾಠ ತಲಿಗೆ ಹತ್ತಲಿಲ್ಲ ಅಂದ್ರ ಅಲ್ಲಿಂದ ತಗೊಳ್ಳೂದು ಅಂತ ಹೇಳಬೇಕಾತು.

28 ವಾರದಾಗ ಹತ್ತಿರ ಅರ್ಧದಷ್ಟು ಮೂರ ಪಾಠಕ್ಕ ಹೋದುವು. ಅಪವರ್ತನ, ಅಪವರ್ತ್ಯ, ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ), ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಎಲ್ಲಾ ಕೂಡಿ ನಾಕು ವಾರ, ಭಿನ್ನರಾಶಿಗೆ ಐದು, ದಶಮಾಂಶಕ್ಕ ನಾಕು. ಈ ಮೂರು ಒಂದಕ್ಕೊಂದು ಕೊಂಡಿ ಇದ್ದಂಗ, ಲ.ಸಾ.ಅ. ಬರಲಾರದ ಬ್ಯಾರೆ ಬ್ಯಾರೆ ಛೇದದ ಭಿನ್ನರಾಶಿ ಕೂಡಸಲಾಕ ಬರೂದಿಲ್ಲ, ಹತ್ತನೇ ಒಂದು ಭಾಗ ಅಂದ್ರ ಏನು ಅಂತ ತಿಳೀಲಾರದ 0.1 ಬರೇ ಚುಕ್ಕಿ ಆಗಿ ಕಾಣ್ತದ. ಹಿಂಗಾಗಿ ಇವುಗಳ ಸಾಲು ಮುರಿಯೂ ಹಂಗಿಲ್ಲ. ಗಣಪತಿ ಮುಗದ ಕೂಡ್ಲೆ ಭಿನ್ನರಾಶಿ ಹಿಡದು ದಸರಾ ತನಕ ಅಂತ ಇಟ್ಟೆ, ನವೆಂಬರ್-ಡಿಸೆಂಬರ್ ಥಂಡಿಯೊಳಗ ದಶಮಾಂಶ. ಉಳದ ಸಮಮಿತಿ, ಕಂಪಾಸ್ ಹಿಡದು ರಚನಾ ಮಾಡೂದು, ಇವುಕ್ಕ ನಾ ವಾರನ ಕೊಟ್ಟಿಲ್ಲ, ಹಬ್ಬದ ಹಿಂದ ಮುಂದ ತುಂಡು ತುಂಡಾಗಿ ಸಿಗೂ ದಿನಕ್ಕ ಇಟ್ಟೆ. ದತ್ತಾಂಶದ ಪಾಠ ಏಪ್ರಿಲ್‌ಕ್ಕ, ದಿನಾ ಪೇಪರಿನ್ಯಾಗ ಬರೂ ವಿಜಯಪುರದ ಗರಿಷ್ಠ ತಾಪಮಾನ ಬರದಿಟ್ಟು ಸ್ತಂಭಾಲೇಖ ತಗಿಯೂದು. ನಮ್ಮೂರ ಬಿಸಲು ಒಂದರ ಕೆಲಸಕ್ಕ ಬರಲಿ.

ಭಿನ್ನರಾಶಿದ್ದು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ಖಾಲಿ ವಾರದಾಗ ಮೂರರ ಹತ್ತಿರ ಅಲ್ಲೇ ಖರ್ಚಾದುವು. 1/2 ಕ್ಕ 1/3 ಕೂಡಿಸು ಅಂದ್ರ ನಮ್ಮಾಕಿ ಥಟ್ಟನ 2/5 ಅಂತ ಬರದಳು. ಇದು ಎಲ್ಲಾ ಹುಡುಗರೂ ಮಾಡೂದ, ಮ್ಯಾಲಿನದಕ್ಕ ಮ್ಯಾಲಿನದು, ಕೆಳಗಿನದಕ್ಕ ಕೆಳಗಿನದು. ನಾ ತಪ್ಪು ಅನ್ನಲಿಲ್ಲ, ಇಂಟು ಹೊಡೀಲಿಲ್ಲ. 12 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿ ಕತ್ತರಿಸಿ ಕೊಟ್ಟು ಅರ್ಧಕ್ಕ ಬಣ್ಣ ಹಚ್ಚು ಅಂದೆ, ಆರು ಸೆಂಟಿಮೀಟರ್ ಆತು. ಅದಕ್ಕ ಹತ್ತಿ ಮೂರನೇ ಒಂದು ಭಾಗ ಹಚ್ಚು ಅಂದೆ, ಇನ್ನ ನಾಕು. ಒಟ್ಟು ಹತ್ತು, 12 ರಾಗ 10. ಈಗ ನೀ ಬರದ 2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಅಂತ ಕೇಳಿದೆ. ಸುಮ್ಮನ ಕುಂತಳು, ಬೆರಳು ಎಣಿಸಿದಳು, ಆಮ್ಯಾಲೆ "ಅವ್ವಾ, ಐದರ ಅರ್ಧ ಅಡೀಚ (ಎರಡೂವರಿ), ಎರಡು ಅಂದ್ರ ಕಡಿಮಿನ ಆತಲಾ, ಅರ್ಧಕ್ಕ ಇನ್ನೊಂದಿಷ್ಟು ಕೂಡಿಸಿದ್ರ ಕಡಿಮಿ ಹೆಂಗ ಆಗ್ತದ" ಅಂದಳು. ಅಷ್ಟ ಬೇಕಾಗಿತ್ತು ನನಗ. 5/6 ಅಂತ ಉತ್ತರ ಬರಸೂದು ಅವತ್ತ ಮುಗೀಬೋದಿತ್ತು, ಆದ್ರ ಪಟ್ಟಿ ಇಲ್ಲದ, ಲ.ಸಾ.ಅ. ತಗದು, ತಾನ ಮಾಡೂ ತನಕ ಮುಂದಿನ ಅಭ್ಯಾಸಕ್ಕ ಹೋಗಲಿಲ್ಲ, ಹಿಂಗಾಗಿ ಐದು ವಾರದ ಪಾಠ ಎಂಟು ವಾರದ ಹತ್ತಿರ ಹೋತು. ನನಗೇನು ಗಾಬರಿ ಆಗಲಿಲ್ಲ, ಖಾಲಿ ವಾರ ಇಟ್ಟದ್ದ ಅದಕ್ಕ.

ದಿನದ ಲೆಕ್ಕ ಸಣ್ಣದು. ಮುಂಜಾನೆ ನಾಷ್ಟಾ ಆದಮ್ಯಾಲೆ ಮುಕ್ಕಾಲು ತಾಸು, ಮೊದಲ ಹತ್ತು ನಿಮಿಷ ಮಗ್ಗಿ ಮತ್ತ ಬಾಯಿಲೆಕ್ಕ, ಆಮ್ಯಾಲೆ ಹೊಸಾದು, ಕಡೀಕ ತಾನ ಒಬ್ಬಾಕಿನ ಕುಂತು ಬಿಡಿಸೂದು. ವಾರಕ್ಕ ನಾಕು ದಿನ ಹೊಸ ಪಾಠ, ಒಂದು ದಿನ ಬರೇ ಹಳೇದು, ಜೂನ್‌ದಾಗ ಮಾಡಿದ್ದು ನವೆಂಬರ್‌ದಾಗ ಬರ್ತದೋ ಇಲ್ಲೋ ನೋಡೂದು. ನನ್ನ ಕೇಳಿದ್ರ ಈ ಹಳೇದರ ದಿನ ಎಲ್ಲಾಕ್ಕಿಂತ ಮುಖ್ಯ, ಹೊಸದರ ದಿನ ಒಂದು ತಪ್ಪಿದ್ರ ನಡೀತದ ಇದು ತಪ್ಪಬಾರದು. ಪಾಠ ಮುಗೀತು ಅಂತ ನಾ ಟಿಕ್ ಹಾಕೂದು ಯಾವಾಗಂದ್ರ ಕಲಬೆರಕಿ ಐದು ಲೆಕ್ಕ ಕೊಟ್ಟಾಗ ನಾಕರ ಯಾರನ್ನೂ ಕೇಳಲಾರದ ಸರಿ ಮಾಡಿ, ಮುಂದಿನ ವಾರ ಅಂಥವ ಎರಡು ಮತ್ತ ಕೊಟ್ಟಾಗ್ಲೂ ಮಾಡಿದ್ರ. ಪುಸ್ತಕದಾಗಿನ ಎಲ್ಲಾ ಲೆಕ್ಕ ಮಾಡೂದ ಬೇಕಂತಿಲ್ಲ. ಹಿಂದ ಬಿದ್ದೀವಿ ಅನಿಸಿದ್ರ ಅಭ್ಯಾಸದಾಗ ಒಂದು ಬಿಟ್ಟು ಒಂದು ಮಾಡಸ್ತೀನಿ, ಪಾಠ ಮಾತ್ರ ಹಾರಸೂದಿಲ್ಲ. ಬೀಜಗಣಿತ ಉಲ್ಟಾ ಆತು, ಎರಡು ವಾರ ಇಟ್ಟಿದ್ದೆ, ವಾರದಾಗ ಮುಗಿಸಿದಳು, ಉಳದ ವಾರ ದಶಮಾಂಶಕ್ಕ ಹೋತು.

ಬಾಯಿಲೆಕ್ಕದ ಹತ್ತು ನಿಮಿಷ ಅಕಿ ಮುತ್ಯಾನ ಪಾಲು. ಅವರು ಹಳೇ ಮಂದಿ, ಸವ್ವಾ (ಒಂದೂಕಾಲು), ದೀಡ (ಒಂದೂವರಿ), ಅಡೀಚದ ಮ್ಯಾಲೆ ಬೆಳದವರು. "ಕಿಲೋಕ್ಕ 160 ರಂಗ ಸವ್ವಾ ಕಿಲೋ ಬ್ಯಾಳಿ ಎಷ್ಟವ್ವ" ಅಂತ ಚಾ ಕುಡಕೋತ ಕೇಳ್ತಾರ, ಇಕಿ 160 ಕ್ಕ ಅದರ ಪಾವು (ಕಾಲು ಭಾಗ) 40 ಕೂಡಿಸಿ 200 ಅಂತಾಳ, ಪೆನ್ಸಿಲ್ ಮುಟ್ಟೂದಿಲ್ಲ. ದಶಮಾಂಶದಾಗ 1.25 ಬಂದಾಗ ನಾ ಹೊಸದಾಗಿ ಏನೂ ಹೇಳಬೇಕಾಗಲಿಲ್ಲ.

ಚೌಕದ ವಿಸ್ತೀರ್ಣಕ್ಕ ಗೋಳಗುಮ್ಮಟ ಇದ್ದ ಅದ. ಒಳಗಿನ ಪಡಸಾಲಿ ಒಂದು ಬದಿಗೆ ಸುಮಾರು 135 ಅಡಿ, ವಿಸ್ತೀರ್ಣ 18,225 ಚದರ ಅಡಿ ಅಂತ ಬರೀತಾರ. 135 ನ್ನ 135 ಲೆ ಗುಣಿಸೂ ಸೀದಾ ದಾರಿ ಅಂದ್ರ 13 ನ್ನ ಅದರ ಮುಂದಿನ 14 ಲೆ ಗುಣಿಸು, 182, ಬಾಜೂಕ 25 ಬರಿ. 5 ಲೆ ಮುಗಿಯೂ ಯಾವ ಸಂಖ್ಯೆನ್ನೂ ಅದರಿಂದನ ಗುಣಿಸೂ ಮುಂದ ಇದು ನಡೀತದ. ಅನುಪಾತಕ್ಕ ಮಾರ್ಚ್ ತನಕ ಕಾದೆ, ತಿಕೋಟಾ ಕಡೆ ನಮ್ಮ ಬೀಗರ ಒಣದ್ರಾಕ್ಷಿ ಶೆಡ್ ಆವಾಗ ನಡದಿರ್ತದ, ಹೆಚ್ಚೂಕಡಿಮಿ ನಾಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದು ಇಳೀತದ, 4:1. ಹಂಗಾರ 10 ಕಿಲೋ ಒಣದ್ರಾಕ್ಷಿ ಬೇಕಾದ್ರ ಹಸೀದು ಎಷ್ಟು, ಹಸೀದು ಕಿಲೋಕ್ಕ ಇಷ್ಟು ಅಂದ್ರ ಒಣದು ಎಷ್ಟಕ್ಕ ಮಾರಿದ್ರ ಹಾಕಿದ್ದು ಬರ್ತದ, ಅಂತ ಬೀಗರ ಕೇಳಿದ್ರು, ನಾ ಸುಮ್ಮನ ಕುಂತು ದ್ರಾಕ್ಷಿ ತಿಂದೆ.

ಕ್ಯಾಲೆಂಡರ್‌ದಾಗ ಪ್ಲಾನ್ ಪೆನ್ಸಿಲಲೆ, ಆಗಿದ್ದು ಪೆನ್ನಲೆ ಬರೀತೀನಿ, ಎರಡೂ ಕೂಡಸಿ ನೋಡೂದು ತಿಂಗಳ ಕಡೀಕ ಒಮ್ಮೆ ಅಷ್ಟ. ದಿನಾ ನೋಡಿದ್ರ ಸುಮ್ಮನ ತಲಿ ಕೆಡ್ತದ, ಸಿಟ್ಟು ಹುಡುಗಿ ಮ್ಯಾಲೆ ಹೋಗ್ತದ. ಮೂರನೇತ್ತಾ ಓದೂ ಸಣ್ಣಾವನೂ ಅದ ಹೊತ್ತಿಗೆ ಬಾಜೂಕ ಕುಂಡ್ರತಾನ, ಅಕಿ ತಾನ ಬಿಡಿಸೂ ಹೊತ್ತಿನ್ಯಾಗ ಅವಂದು ಹೊಸ ಪಾಠ.

ಈ ವರ್ಷ ಉಳದದ್ದು ಕೋನಮಾಪಕ, ಕಂಪಾಸಿನ ಕೆಲಸ ಒಂದಿಷ್ಟು, ಹಬ್ಬದ ತುಂಡು ದಿನ ಸಾಲಲಿಲ್ಲ. ಮೇದಾಗ ಮುಂಜಾನೆ ಏಳಕ್ಕ, ಬಿಸಲು ಏರೂ ಮೊದಲ, ಅರ್ಧ ತಾಸು ಅದನ್ನ ಮಾಡಸ್ತೀನಿ. ಏಳನೇತ್ತಾದ ಭಾಗ 1 ಪ್ರಿಂಟಿಗೆ ಕೊಟ್ಟಾಗೇದ, ಅದರಾಗ ಭಿನ್ನರಾಶಿ, ದಶಮಾಂಶ ಮತ್ತ ಬರ್ತಾವ, ಈ ಸಲ ಗುಣಾಕಾರ ಭಾಗಾಕಾರ ಕೂಡಿ, ಅದಕ್ಕ ಖಾಲಿ ವಾರ ಏಳಕ್ಕಿಂತ ಒಂದೆರಡು ಜಾಸ್ತಿ ಇಡಬೇಕಂತ ಮಾಡೀನಿ.