ಎಂಜಿನ್ ಆಫ್ ಮಾಡಿದ ಮೇಲೆ

ನಾನು ಹಿಟಾಚಿ ಆಪರೇಟರ್. ಊರು ಹೊಳಲ್ಕೆರೆ ತಾಲ್ಲೂಕು. ಭೀಮಸಮುದ್ರದ ಕಡೆ ಅದಿರು ಗಣಿಯಲ್ಲಿ ಕೈ ಪಳಗಿತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರಿನ ಗಣಿಗಳನ್ನು ನಿಲ್ಲಿಸಿತಲ್ಲ, ಆಗ ಕೆಲಸ ಹೋಯಿತು. ಅಲ್ಲಿಂದಾಚೆಗೆ ಬಾಡಿಗೆ ಗಾಡಿ. ಕೃಷಿ ಹೊಂಡ, ಕೆರೆ ಹೂಳು, ಲೇಔಟ್, ಯಾವುದು ಸಿಕ್ಕರೆ ಅದು.

ಗುಡ್ಡ ಕುಸಿದಾಗ ಟಿವಿಯಲ್ಲಿ ಎನ್‌ಡಿಆರ್‌ಎಫ್‌ನವರು ಕಾಣುತ್ತಾರೆ, ಮಿಲಿಟರಿಯವರು ಕಾಣುತ್ತಾರೆ. ಅವರ ಹಿಂದೆ ಹಳದಿ ಗಾಡಿಯೊಂದು ಮಣ್ಣು ಎತ್ತುತ್ತಿರುತ್ತೆ ನೋಡಿ, ಅದರೊಳಗೆ ಕೂತವನು ನನ್ನಂಥವನು. ತರಬೇತಿ ಇಲ್ಲ, ಯೂನಿಫಾರಂ ಇಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದಾಗ ಮಾಲೀಕರು ಫೋನ್ ಮಾಡಿ "ಮಡಿಕೇರಿ ಕಡೆ ಗಾಡಿ ಕಳಿಸ್ಬೇಕು, ಹೋಗ್ತೀಯೇನೋ" ಅಂದರು. ಗಂಟೆ ರೇಟು ಜಾಸ್ತಿ ಇತ್ತು. ಹೋದೆ.

ಹನ್ನೊಂದು ದಿನ ಇದ್ದೆ. ಯಾವ ಜಾಗ ಅಂತ ಹೇಳಲ್ಲ, ಅಲ್ಲಿ ಮಣ್ಣಿನಡಿ ಸಿಕ್ಕಿಕೊಂಡವರ ಮನೆಯವರು ಇನ್ನೂ ಅಲ್ಲೇ ಇದ್ದಾರೆ.

ಗಣಿಯಲ್ಲಿ ಬಕೆಟ್ಟಿನ ಹಲ್ಲು ಏನಕ್ಕೆ ತಾಗಿತು ಅಂತ ಸೀಟಿನ ಅದುರಿನಲ್ಲೇ ಗೊತ್ತಾಗುತ್ತಿತ್ತು. ಕಲ್ಲು ಬೇರೆ ಥರ, ಸಡಿಲ ಮಣ್ಣು ಬೇರೆ ಥರ. ಅಲ್ಲಿ ಆ ಅಭ್ಯಾಸವೇ ಕಾಟ ಕೊಟ್ಟಿತು. ಮರದ ಬೇರು ತಾಗಿದರೂ ಎದೆ ಧಸಕ್ಕೆನ್ನುತ್ತಿತ್ತು. ಜನ ಸಿಕ್ಕಿಕೊಂಡಿರುವ ಜಾಗದಲ್ಲಿ ಬಕೆಟ್ ತುಂಬ ಎತ್ತುವ ಹಾಗಿಲ್ಲ, ತೆಳ್ಳಗೆ ಕೆರೆದು ಕೆರೆದು ತೆಗೆಯಬೇಕು. ಮುಂದೆ ನಿಂತವನು ಕೈ ಎತ್ತಿದರೆ ಎಂಜಿನ್ ಆಫ್. ಎಲ್ಲರೂ ಸುಮ್ಮನೆ. ನಾಲ್ಕೈದು ಜನ ಕೆಸರಿಗಿಳಿದು ಕೈಯಲ್ಲಿ ತಡಕುತ್ತಾರೆ. ಬಟ್ಟೆ ಗಂಟೋ, ದಿಂಬೋ ಆಗಿದ್ದರೆ ಮತ್ತೆ ಕೈ ಬೀಸುತ್ತಾರೆ, ಸ್ಟಾರ್ಟ್ ಮಾಡು ಅಂತ. ದಿನಕ್ಕೆ ಎಷ್ಟು ಸಲ ಆಫ್ ಮಾಡಿದೆನೋ ಲೆಕ್ಕ ಇಲ್ಲ.

ಆ ಮನೆಯವರು ಪಕ್ಕದಲ್ಲೇ ಟಾರ್ಪಾಲಿನ ಕೆಳಗೆ ನಿಂತಿರುತ್ತಿದ್ದರು. ಅವರ ಕಣ್ಣು ಕೆಸರಿನ ಮೇಲಲ್ಲ, ನನ್ನ ಬಕೆಟ್ಟಿನ ಮೇಲೆ. ಇಬ್ಬರು ಸಿಕ್ಕರು. ಒಬ್ಬರು ಸಿಗಲಿಲ್ಲ. ಹನ್ನೊಂದನೇ ದಿನ ಗಾಡಿಯನ್ನು ಬೇರೆ ಕಡೆ ತೆಗೆದುಕೊಂಡು ಹೋಗಿ ಅಂದರು. ಆ ಮನೆಯ ಹಿರಿಯರು ಬಂದು ಗಾಡಿಯ ಚೈನಿನ ಮೇಲೆ ಕೈ ಇಟ್ಟು "ಇನ್ನೊಂದು ಬಕೆಟ್ ತೆಗೀರಿ" ಅಂದರು. ಮೂರು ತೆಗೆದೆ. ಏನೂ ಇರಲಿಲ್ಲ. ಗಾಡಿ ತಿರುಗಿಸಿದೆ.

ಊರಿಗೆ ಬಂದ ಮೇಲೆ ಶಾಲು ಹೊದಿಸಿ ಹಾರ ಹಾಕಿದರು. ನಾನೂ ಅರಳಿಕಟ್ಟೆಯಲ್ಲಿ ಕೂತು ಕಥೆ ಹೇಳಿದೆ, ಸ್ವಲ್ಪ ಜಂಬದಿಂದಲೇ. ಎರಡು ತಿಂಗಳು ಏನೂ ಆಗಲಿಲ್ಲ. ನಂಬಿ, ಚೆನ್ನಾಗಿಯೇ ನಿದ್ದೆ ಬರುತ್ತಿತ್ತು.

ಆಮೇಲೊಂದು ದಿನ ನಮ್ಮೂರ ಹತ್ತಿರವೇ ಕೃಷಿ ಹೊಂಡ ತೋಡುತ್ತಿದ್ದೆ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡು ಎಂಜಿನ್ ತಾನಾಗಿ ನಿಂತಿತು. ಹೊಲದಲ್ಲಿ ನಿಶ್ಶಬ್ದ. ನಾನು ಲಿವರ್ ಹಿಡಿದು ಹಾಗೇ ಕೂತುಬಿಟ್ಟೆ, ಯಾರೋ ಕೈ ಬೀಸಲಿ ಅಂತ ಕಾಯುತ್ತಾ. ಹೆಲ್ಪರ್ ಹುಡುಗ ಬಂದು "ಅಣ್ಣಾ, ಯಾಕಣ್ಣಾ ಹಿಂಗ್ ಬೆವರ್ತಿದ್ದೀಯ" ಅಂದಾಗಲೇ ಎಚ್ಚರ ಆದದ್ದು.

ಅಲ್ಲಿಂದ ಶುರು. ಪಕ್ಕದ ತೋಟದಲ್ಲಿ ಬೋರ್ ಕೊರೆಯುವ ಗಾಡಿ ನಿಂತರೆ ಎದೆ ಹೊಡೆದುಕೊಳ್ಳುತ್ತಿತ್ತು. ರಾತ್ರಿ ಎರಡಕ್ಕೆ ಎಚ್ಚರ. ಮಗ ಜೋರಾಗಿ ಬಾಗಿಲು ಹಾಕಿದರೆ ಹೊಡೆಯಲು ಹೋಗುತ್ತಿದ್ದೆ. ಎಲ್ಲಕ್ಕಿಂತ ಕಷ್ಟದ್ದು ಮಣ್ಣಿನ ವಾಸನೆ. ನಮ್ಮದು ಮಳೆಗಾಗಿ ಬಾಯಿ ಬಿಡುವ ಜಿಲ್ಲೆ. ಮೊದಲ ಹನಿ ಬಿದ್ದು ನೆಲ ಘಮ್ ಅಂದರೆ ಊರಿಗೆ ಊರೇ ಅಂಗಳಕ್ಕೆ ಬರುತ್ತೆ. ನಾನೊಬ್ಬ ಒಳಗೆ ಹೋಗಿ ಕಿಟಕಿ ಹಾಕಿಕೊಳ್ಳುತ್ತಿದ್ದೆ. ಯಾರಿಗೆ ಹೇಳೋದು ಇದನ್ನ?

ಅವ್ವ ಗಾಳಿ ಸೋಕಿದೆ ಅಂತ ನಾಯಕನಹಟ್ಟಿಗೆ ಕರೆದುಕೊಂಡು ಹೋದಳು. ತಿಪ್ಪೇರುದ್ರಸ್ವಾಮಿ ಸನ್ನಿಧಿಯಲ್ಲಿ ಎರಡು ರಾತ್ರಿ ಮಲಗಿದೆ. ಅದನ್ನು ನಾನು ಹಗುರವಾಗಿ ಮಾತಾಡಲ್ಲ, ಆ ಎರಡು ರಾತ್ರಿ ನಿದ್ದೆ ಬಂತು. ಮೂರನೇ ರಾತ್ರಿ ಮತ್ತೆ ಅದೇ. ಆಮೇಲೆ ಕುಡಿತ. ಮೊದಲು ವಾರಕ್ಕೊಂದು ಕ್ವಾರ್ಟರ್, ಆಮೇಲೆ ದಿನಾ. ಒಬ್ಬ ಡಾಕ್ಟರ್ ನಿದ್ದೆ ಮಾತ್ರೆ ಬರೆದರು. ಅದೇ ಚೀಟಿ ತೋರಿಸಿ ತೋರಿಸಿ ವರ್ಷಗಟ್ಟಲೆ ನುಂಗಿದೆ.

2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿತ್ತು. 1933 ಆದ ಮೇಲೆ ಅದೇ ಮೊದಲು, 89 ವರ್ಷ. ಜಿಲ್ಲೆಗೇ ಹಬ್ಬ. ನಾವೂ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋದೆವು. ಕೋಡಿಯಲ್ಲಿ ಕೆಂಪು ನೀರು ಧುಮುಕುವುದು ಕಂಡದ್ದೇ ತಡ, ನಾನು ಮಗನ ರಟ್ಟೆ ಹಿಡಿದು ಎಳೆದುಕೊಂಡು ಓಡಿದೆ. ಜನ ನೋಡುತ್ತಿದ್ದರು. ಮಗ ಅಳುತ್ತಿದ್ದ. ಬೆರಳಿನ ಗುರುತು ಸಂಜೆವರೆಗೂ ಅವನ ಕೈ ಮೇಲೆ ಇತ್ತು. ಅವತ್ತು ರಾತ್ರಿ ಹೆಂಡತಿ ಬೈಯಲಿಲ್ಲ. "ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟ್ರು ಬರ್ತಾರಂತೆ ರೀ, ಆಶಾ ಅಕ್ಕ ಹೇಳಿದ್ರು" ಅಂದಳು, ಅಷ್ಟೇ. ಮನೋಚೈತನ್ಯ ಅಂತ ಸರ್ಕಾರದ್ದು.

ಹೋದೆ. ಡಾಕ್ಟರ್ ಮೇಡಂ ಕೇಳಿದ ಮೊದಲ ಪ್ರಶ್ನೆ ಕೊಡಗಿನ ಬಗ್ಗೆ ಅಲ್ಲ. "ಮಳೆ ಬಂದ್ರೆ ಏನ್ ಮಾಡ್ತೀರಿ?" ಅಂದರು. ಕಿಟಕಿ ಹಾಕ್ತೀನಿ ಅಂದೆ. ಅಲ್ಲಿಂದ ಮಾತು ಹೊರಟಿತು. ಇದಕ್ಕೆ ಪಿಟಿಎಸ್‌ಡಿ ಅಂತಾರೆ, ಆಘಾತದ ನಂತರ ಬರುವ ಮನಸ್ಸಿನ ಕಾಯಿಲೆ ಅಂತ ತಿಳಿಸಿದರು. ದೊಡ್ಡ ಆಘಾತ ಆದ ಮೊದಲ ದಿನಗಳಲ್ಲಿ ನಿದ್ದೆ ಕೆಡುವುದು, ಬೆಚ್ಚುವುದು ತುಂಬಾ ಜನಕ್ಕೆ ಆಗುತ್ತಂತೆ, ಬಹಳಷ್ಟು ಜನಕ್ಕೆ ತಾನಾಗಿಯೇ ಕಮ್ಮಿಯಾಗುತ್ತಂತೆ. ತಿಂಗಳು ದಾಟಿದರೂ ಬಿಡದೆ ಬದುಕು ಕೆಡಿಸುತ್ತಿದ್ದರೆ ಆಗ ಕಾಯಿಲೆ. ಕೆಲವರಿಗೆ ತಡವಾಗಿ ಶುರುವಾಗುವುದೂ ಉಂಟು. ನಿದ್ದೆ ಮಾತ್ರೆ ಚೀಟಿ ನೋಡಿ ತಲೆ ಅಲ್ಲಾಡಿಸಿದರು. ಅದು ಅಭ್ಯಾಸ ಆಗುತ್ತೆ, ಬೇರಿಗೆ ಮುಟ್ಟಲ್ಲ, ಆದರೆ ಒಮ್ಮೆಲೇ ಬಿಡಬೇಡಿ ಅಂತ ಹೇಳಿ ವಾರವಾರ ಇಷ್ಟಿಷ್ಟು ಇಳಿಸಿದರು. ಬದಲಿಗೆ ಸರ್ಟ್ರಾಲಿನ್ ಅನ್ನೋ ಮಾತ್ರೆ ಕೊಟ್ಟರು. ಮೊದಲ ವಾರ ಹೊಟ್ಟೆ ತೊಳಸಿತು. ಗುಣ ಗೊತ್ತಾಗಲು ಐದು ವಾರ ಹಿಡಿಯಿತು. ಕುಡಿತವನ್ನೂ ಅವರ ಕಣ್ಣಳತೆಯಲ್ಲೇ ಬಿಟ್ಟೆ, ಅದೇ ಒಂದು ದೊಡ್ಡ ಕಥೆ, ಇಲ್ಲಿ ಬೇಡ.

ನಿಜವಾದ ಕೆಲಸ ನಡೆದದ್ದು ದಾವಣಗೆರೆಯಲ್ಲಿ. ಮೇಡಂ ಅಲ್ಲಿನ ಒಬ್ಬ ಕೌನ್ಸೆಲರ್ ಹತ್ತಿರ ಕಳಿಸಿದರು. ವಾರಕ್ಕೊಮ್ಮೆ, ಹನ್ನೆರಡು ವಾರ. ಕಣ್ಣು ಮುಚ್ಚಿ ಕೊಡಗಿನ ಆ ಕೊನೇ ದಿನವನ್ನು ಮೊದಲಿಂದ ಕೊನೆವರೆಗೆ ಹೇಳಬೇಕು. ಈಗ ನಡೀತಿರೋ ಹಾಗೆ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನಾ ಕೇಳಬೇಕು. ಮೊದಲ ಮೂರು ವಾರ ಇನ್ನೂ ಕೆಟ್ಟೆ. ಮುಗಿಸಿಕೊಂಡು ಬಂದು ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗ, ಇದೇ ಕೊನೆ, ಮುಂದಿನ ವಾರ ಬರಲ್ಲ ಅಂದುಕೊಳ್ಳುತ್ತಿದ್ದೆ. ಬಸ್ ಚಾರ್ಜ್ ಹೆಂಡತಿ ಮೊದಲೇ ಎತ್ತಿಡುತ್ತಿದ್ದಳು, ಹಾಗಾಗಿ ಹೋಗುತ್ತಿದ್ದೆ.

ಐದನೇ ವಾರ ಕೌನ್ಸೆಲರ್ ಒಂದು ಮಾತು ಹೇಳಿದರು. "ಆ ಹಿರಿಯರು ಬಂದ ಮೇಲೆ ನೀವು ಪ್ರತಿ ಸಲ ಓಡಿಸಿಬಿಡ್ತೀರಿ. ಅಲ್ಲಿ ನಿಲ್ಲಿ. ಸುತ್ತ ಏನು ಕಾಣುತ್ತೆ ಹೇಳಿ." ನಿಂತೆ. ಚೈನ್ ಮೇಲಿನ ಕೈ ಕಂಡಿತು. ಮಳೆ ಮತ್ತೆ ಹಿಡಿದಿತ್ತು. ಆಮೇಲೆ ಮೇಲಿನ ಗುಡ್ಡ ಕಂಡಿತು. ಅದರ ನೆತ್ತಿಗೆ ಬಿರುಕು ಬಿಟ್ಟಿತ್ತು, ಕೆಳಗೆ ನಿಂತರೂ ಕಾಣುವಷ್ಟು. ಗಾಡಿ ತೆಗೀರಿ ಅಂದದ್ದು ಅದಕ್ಕೆ! ನಾಲ್ಕು ವರ್ಷ ಈ ಬಿರುಕು ನನ್ನ ನೆನಪಿಗೇ ಬಂದಿರಲಿಲ್ಲ. ಕೇಳಿದ್ದನ್ನು ಕೊಡದೆ ಓಡಿ ಬಂದೆ ಅಂತಷ್ಟೇ ಇತ್ತು. ಅವತ್ತು ಮನೆಗೆ ಬಂದು ಮೊದಲ ಸಲ ಆ ಮನುಷ್ಯರಿಗಾಗಿ ಅತ್ತೆ. ಅಲ್ಲಿವರೆಗೆ ಅತ್ತಿದ್ದೆಲ್ಲ ನನಗಾಗಿ.

ಇನ್ನೊಂದು ಕೆಲಸ ಮನೆಪಾಠ. ಹೆದರಿಸುವ ಸಂಗತಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆಯಬೇಕು, ಸೊನ್ನೆಯಿಂದ ನೂರರವರೆಗೆ ಅಂಕ ಹಾಕಬೇಕು. ನೂರರ ಲೆಕ್ಕ ನನಗೆ ಹಿಡಿಸಲಿಲ್ಲ. ನಮ್ಮಪ್ಪನ ಕಾಲದ ಹಾಗೆ ಹದಿನಾರಾಣೆಯ ರೂಪಾಯಿಗೆ ಎಷ್ಟಾಣೆ ಅಂತ ಮಾಡಿಕೊಂಡೆ. ಬೋಗುಣಿಯಲ್ಲಿ ಕೆಮ್ಮಣ್ಣು ಹಾಕಿ ನೀರು ಚಿಮುಕಿಸಿ ಮೂಸುವುದು ಐದಾಣೆ. ಎಂಜಿನ್ ಸ್ಟಾರ್ಟ್ ಮಾಡಿ ಆಫ್ ಮಾಡಿ ಸೀಟಿನಲ್ಲೇ ಕೂರುವುದು ಹನ್ನೆರಡಾಣೆ. ಮಳೆಯಲ್ಲಿ ಜೋಗಿಮಟ್ಟಿ ಗುಡ್ಡಕ್ಕೆ ಹೋಗಿ ನಿಲ್ಲುವುದು ಹದಿನಾಲ್ಕಾಣೆ. ಗುಟ್ಟು ಏನಂದರೆ, ಭಯ ಏರಿದ ತಕ್ಷಣ ಎದ್ದು ಬರಬಾರದು. ಅದು ಅರ್ಧಕ್ಕೆ ಇಳಿಯುವವರೆಗೂ ಅಲ್ಲೇ ಇರಬೇಕು. ಎಂಜಿನ್ ಆಫ್ ಮಾಡಿ ಮೊದಲ ಸಲ ಐವತ್ತು ನಿಮಿಷ ಕೂತೆ. ಹೆಲ್ಪರ್ ಹುಡುಗ ಗಾಡಿ ಕೆಟ್ಟಿದೆ ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡಿದ್ದ! ಹದಿನೈದು ದಿನದಲ್ಲಿ ಅದು ಹತ್ತು ನಿಮಿಷಕ್ಕೆ ಇಳಿಯಿತು. ಹದಿನಾರಾಣೆಯದು ಮತ್ತೆ ಆ ಜಾಗಕ್ಕೆ ಹೋಗುವುದು. ಅದಿನ್ನೂ ಬಾಕಿ ಇದೆ. ಆಗಸ್ಟ್ ತಿಂಗಳು ಈಗಲೂ ನನಗೆ ಆಗಿಬರಲ್ಲ.

2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿತ್ತಲ್ಲ, ನಮ್ಮ ಹೆಲ್ಪರ್ ಹುಡುಗ ಅಷ್ಟರಲ್ಲಿ ತಾನೇ ಆಪರೇಟರ್ ಆಗಿದ್ದ, ಅವನೂ ಹೊರಟ. ಬೇಡ ಅನ್ನಲಿಲ್ಲ. ಒಂದು ಗಾಡಿಗೆ ಇಬ್ಬರು ಆಪರೇಟರ್ ಇಲ್ಲದೆ ಹೋಗಬೇಡ ಅಂತ ಮಾಲೀಕರ ಮುಂದೆಯೇ ಹೇಳಿದೆ. ಮನೆಯವರ ಹತ್ತಿರ ಮಾತಾಡಲು ಬೇರೆ ಯಾರಾದರೂ ಇರಲಿ, ಗಾಡಿಯಲ್ಲಿ ಕೂತವನು ಮಾತು ಕೊಡಬಾರದು. ರಾತ್ರಿ ಮೊಬೈಲಿನಲ್ಲಿ ಅದೇ ವಿಡಿಯೊ ನೋಡಬೇಡ. ವಾಪಸ್ ಬಂದಾಗ ಏನಾಯ್ತು ಹೇಳು ಅಂತ ನಾನು ಕೆದಕಲಿಲ್ಲ. ಬಂದ ದಿನವೇ ಕೂರಿಸಿ ಎಲ್ಲವನ್ನೂ ಹೇಳಿಸುವುದರಿಂದ ಉಪಯೋಗ ಇಲ್ಲ ಅಂತ ಮೇಡಂ ಹೇಳಿದ್ದರು. ಊಟ, ನಿದ್ದೆ, ಜೊತೆಗೊಬ್ಬರು, ಅಷ್ಟು ನೋಡಿಕೊಂಡೆ. ಅರಳಿಕಟ್ಟೆಯಲ್ಲಿ ಶಾಲು ಹೊದಿಸುತ್ತೇವೆ ಅಂದವರಿಗೆ ಆಮೇಲೆ ಮಾಡಿ ಅಂದೆ.

ಸೆಪ್ಟೆಂಬರ್ 25ಕ್ಕೆ, 71 ದಿನ ಆದ ಮೇಲೆ, ಶಿರೂರಿನಲ್ಲಿ ಗುಡ್ಡ ಬಿದ್ದಾಗ ಕಾಣೆಯಾಗಿದ್ದ ಕೇರಳದ ಲಾರಿಯನ್ನು ಗಂಗಾವಳಿ ಹೊಳೆಯೊಳಗಿಂದ ಎತ್ತಿದರು. ರಾತ್ರಿ ಹನ್ನೊಂದಕ್ಕೆ ಹುಡುಗನ ಫೋನ್. "ಅಣ್ಣಾ, ಟಿವಿ ನೋಡ್ದೆ. ಸಿಕ್ತಂತೆ." ಆಮೇಲೆ ಮಾತಿಲ್ಲ. ನಿದ್ದೆ ಬರ್ತಿದೆಯೇನೋ ಅಂತ ಕೇಳಿದೆ. ಇಲ್ಲ ಅಂದ, ತಿಂಗಳ ಮೇಲಾಯ್ತು ಅಂದ. ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಯಾವ ಹೊತ್ತಾದರೂ ಕನ್ನಡದಲ್ಲೇ ಮಾತಾಡ್ತಾರೆ ಅಂತ ನಂಬರ್ ಬರೆಸಿದೆ. ಮಂಗಳವಾರ ಇಬ್ಬರೂ ಹೋಗೋಣ ಅಂದೆ.

ಅಕ್ಟೋಬರ್ ಒಂದನೇ ತಾರೀಕು, ಮಂಗಳವಾರ. ಬಸ್ಸಿನಲ್ಲಿ ನನ್ನ ಆಣೆ ಲೆಕ್ಕ ಹೇಳಿದೆ. ಅವನು ನಗಲಿಲ್ಲ, ಕೇಳಿಸಿಕೊಂಡ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತೆವು. ಕರೆಂಟ್ ಇರಲಿಲ್ಲ, ಹಿಂದುಗಡೆ ಜನರೇಟರ್ ಗುಡುಗುಡು ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು, ಜನರೇಟರ್ ಟಕ್ ಅಂತ ನಿಂತಿತು. ಇಬ್ಬರೂ ಒಟ್ಟಿಗೆ ತಲೆ ಎತ್ತಿದೆವು.

"ಎಷ್ಟೋ?" ಅಂದೆ.

"ಹತ್ತಾಣೆ ಅಣ್ಣಾ. ನಿಂದು?"

"ಎರಡು" ಅಂದೆ.