ಸೋಲಿಗರ ಪೋಡುಗಳಲ್ಲಿ ಮಾನಸಿಕ ಚಿಕಿತ್ಸೆ: ನನ್ನ ಅನುಭವ

ಬಿಳಿಗಿರಿರಂಗನಬೆಟ್ಟದ ಕಾಡಿನಲ್ಲಿ ಬದುಕುವ ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತನಾಗಿ ಕೆಲಸ ಮಾಡಿದ್ದೇನೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ, ಔಷಧಿಯೂ ಉಚಿತ. ಆದರೆ ಪೋಡಿನವರು ಬಸ್ಸಿನವರೆಗೆ ನಡೆದು, ಆಸ್ಪತ್ರೆಯ ಸಾಲಿನಲ್ಲಿ ನಿಂತು, ಆನೆಗಳು ದಾರಿಗಿಳಿಯುವ ಮುನ್ನ ಮನೆ ಸೇರಬೇಕು. ರೋಗಿಯ ಜೊತೆ ಬಂದವರ ಆ ದಿನದ ಕೂಲಿಯೂ ಹೋಗುತ್ತದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಹೆಚ್ಚಿನ ಕಾಯಿಲೆಗಳಲ್ಲಿ ಶೇ. 70ನ್ನು ಮೀರಿತ್ತು ಎಂಬುದು ಇಲ್ಲಿ ಯಾರಿಗೂ ಆಶ್ಚರ್ಯ ತರುವುದಿಲ್ಲ.

ಆದ್ದರಿಂದ ನಾನು ಮೊದಲು ಹುಡುಕಿದ್ದು ಚಿಕಿತ್ಸೆಯನ್ನು ನಡುವೆ ಬಿಟ್ಟವರನ್ನು. ಆಶಾ ಕಾರ್ಯಕರ್ತೆಯೊಡನೆ ಮನೆಗೆ ಹೋಗಿ, ಪ್ರಶ್ನಾವಳಿಯನ್ನು ಚೀಲದಲ್ಲೇ ಉಳಿಸಿ, ನಿದ್ದೆ, ಊಟ, ಕೆಲಸಕ್ಕೆ ಹೋಗುವ ಮನಸ್ಸು ಇವಿಷ್ಟನ್ನೇ ವಿಚಾರಿಸುತ್ತಿದ್ದೆ. ದಿನವೂ ಮಾತ್ರೆ ನುಂಗಲಾಗದ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಸುಳ್ಳು ಅನುಮಾನ ಕಾಡುವ ತೀವ್ರ ಮಾನಸಿಕ ಕಾಯಿಲೆ) ರೋಗಿಗಳಿಗೆ ವೈದ್ಯರು ದೀರ್ಘಕಾಲ ಕೆಲಸ ಮಾಡುವ ಫ್ಲುಫೆನಜಿನ್ ಚುಚ್ಚುಮದ್ದನ್ನು ಬರೆದುಕೊಟ್ಟಾಗ, ಅದನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಪಡಿತರಕ್ಕೆ ಜನ ಇಳಿದು ಬರುವ ದಿನವೇ ಕೊಡುವಂತೆ ಏರ್ಪಾಟು ಮಾಡಿದೆವು. ಕೈ ನಡುಗಬಹುದು, ಮೈ ಬಿಗಿಯಬಹುದು, ಅದಕ್ಕೂ ಮಾತ್ರೆಯಿದೆ ಎಂದು ಮನೆಯವರಿಗೆ ಮೊದಲೇ ಹೇಳಿಡುವುದು ಅಗತ್ಯ; ಆ ನಡುಕಕ್ಕೆ ಹೆದರಿಯೇ ಹಲವರು ಔಷಧಿ ಬಿಟ್ಟಿದ್ದರು. ಕಾಫಿ ಕೊಯ್ಲಿಗೆ ಕೊಡಗಿಗೆ ಹೊರಡುವವರಿಗೆ ವೈದ್ಯರ ಒಪ್ಪಿಗೆ ಪಡೆದು, ಅಷ್ಟೂ ದಿನಗಳ ಮಾತ್ರೆಯನ್ನು ಮುಂಗಡವಾಗಿ, ಮೇಸ್ತ್ರಿಯ ಕಣ್ಣಿಗೆ ಬೀಳದಂತೆ, ಕಟ್ಟಿಕೊಡುತ್ತಿದ್ದೆವು.

ದೇವರ ಪೂಜೆ ಮಾಡುವ ತಮ್ಮಡಿಯವರನ್ನು ಎದುರು ಹಾಕಿಕೊಳ್ಳುವುದು ಅವಿವೇಕವೆಂಬುದು ನನ್ನ ಅಭಿಪ್ರಾಯ. ಪೂಜೆ ನಡೆಯಲಿ, ಮಾತ್ರೆಯೂ ನಡೆಯಲಿ ಎಂದಾಗ ಅವರೇ ರೋಗಿಗಳನ್ನು ಕಳುಹಿಸತೊಡಗಿದರು.

ಕುಡಿತ ಮತ್ತು ಬೇಸರದ ವಿಷಯ ಇಷ್ಟು ಸರಳವಲ್ಲ. 1974ರಲ್ಲಿ ಅಭಯಾರಣ್ಯವಾದ ಮೇಲೆ ಕಾಡಿನೊಳಗಿನ ಬೇಸಾಯ ನಿಂತಿತು, 2006ರಲ್ಲಿ ಜೇನು, ನೆಲ್ಲಿಕಾಯಿಯಂಥ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹಕ್ಕೂ ತಡೆ ಬಿತ್ತು. 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆಯುವ ಹೊತ್ತಿಗೆ ಒಂದು ತಲೆಮಾರು ಕೂಲಿಗೆ ಒಗ್ಗಿಹೋಗಿತ್ತು. ಅದನ್ನೆಲ್ಲ ಖಿನ್ನತೆಯೆಂದು ಬರೆದು ಮಾತ್ರೆ ಕೊಟ್ಟು ಸುಮ್ಮನಾಗಲು ನನಗೆ ಮನಸ್ಸು ಬರಲಿಲ್ಲ. ತೀವ್ರ ಕಾಯಿಲೆಯಿದ್ದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರ ಮಾಡಿಸಿ ಮಾಸಾಶನಕ್ಕೆ ಅರ್ಜಿ ಹಾಕಿಸಿದೆ. ಕೈಗೆ ಹಣ ಬರತೊಡಗಿದ ಮನೆಗಳಲ್ಲಿ ಬಸ್ ಖರ್ಚಿಗೆ ಹಣವಿಲ್ಲದೆ ಚಿಕಿತ್ಸೆ ನಿಲ್ಲುವುದು ಕಡಿಮೆಯಾಯಿತು.