ಜಲ್ಲಿ ತರಿಸುವ ಮೊದಲು ರಸ್ತೆಯನ್ನೊಮ್ಮೆ ನಡೆದು ನೋಡಿ

ನಾನು 22 ವರ್ಷ ಲಾರಿ ಓಡಿಸಿದವನು. ಈಗ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಕೆ ತೋಟ ನೋಡಿಕೊಂಡಿದ್ದೇನೆ. ನಮ್ಮ ಮನೆಗೆ ಬರುವ ಪಂಚಾಯತ್ ರಸ್ತೆಗೆ ಒಂದು ತೋಡು ಅಡ್ಡ ಬರುತ್ತದೆ. ಅದರ ಮೇಲೆ ಹಳೆಯ ಮೋರಿ. ಎರಡು ವರ್ಷದ ಹಿಂದೆ ಮೇ ಕೊನೆಗೆ, ದೊಡ್ಡ ಮಳೆ ಬಿದ್ದ ಮಾರನೇ ದಿನ, ಹತ್ತು ಚಕ್ರದ ಟಿಪ್ಪರೊಂದು ಜಲ್ಲಿ ತುಂಬಿಕೊಂಡು ಅದರ ಮೇಲೆ ಹತ್ತಿತು. ಒಂದು ಬದಿಯ ಕಲ್ಲುಕಟ್ಟು ಕುಸಿಯಿತು. ಆ ಮಳೆಗಾಲ ಪೂರ್ತಿ ನಮ್ಮ ಮಕ್ಕಳು ಅಡಕೆ ಮರದ ಸಂಕ ದಾಟಿ ಶಾಲೆಗೆ ಹೋದರು. ಹಾಲಿನ ಕ್ಯಾನನ್ನು ನಾವು ಹೊತ್ತುಕೊಂಡೇ ದಾಟಿಸಿದೆವು.

ಜಲ್ಲಿ ತರಿಸಿದವರು ನೆರೆಮನೆಯವರೇ. ಒಳ್ಳೆಯವರು. ಅವರಿಗೆ ಲೆಕ್ಕ ಗೊತ್ತಿರಲಿಲ್ಲ, ಗೊತ್ತಿದ್ದ ನಾನು ಹೇಳಿರಲಿಲ್ಲ. ಮನೆ ಕಟ್ಟುವವರಿಗೆ ಈಗ ಹೇಳುತ್ತೇನೆ.

ಮೊದಲು ರಸ್ತೆಯನ್ನು ನಡೆದು ನೋಡಿ. ಬೈಕಿನಲ್ಲಿ ಹೋದರೆ ಏನೂ ಕಾಣುವುದಿಲ್ಲ. ಮೋರಿಯ ಹತ್ತಿರ ತೋಡಿಗೆ ಇಳಿಯಿರಿ. ಮೇಲಿನ ಸ್ಲ್ಯಾಬಿನ ಅಡಿಭಾಗ ನೋಡಿ. ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದ್ದರೆ ದೊಡ್ಡ ಗಾಡಿಯ ಆಸೆ ಅಲ್ಲಿಗೇ ಬಿಡಿ. ಬದಿಯ ಕೆಂಪುಕಲ್ಲಿನ ಕಟ್ಟು ಹೊಟ್ಟೆ ಬಂದಂತೆ ಉಬ್ಬಿದ್ದರೂ ಅಷ್ಟೇ. ಆಮೇಲೆ ಅಗಲ ಅಳೆಯಿರಿ. ಹಳ್ಳಿ ರಸ್ತೆಯ ಡಾಮರು ಹೆಚ್ಚೆಂದರೆ 3.75 ಮೀಟರ್ ಇರುತ್ತದೆ, ಎಷ್ಟೋ ಕಡೆ ಬರೀ 3. ಟಿಪ್ಪರ್ ಸುಮಾರು ಎರಡೂವರೆ ಮೀಟರ್ ಅಗಲ. ಎದುರಿನಿಂದ ಒಂದು ಜೀಪು ಬಂದರೆ ಸಾಕು, ಚಕ್ರ ಮಣ್ಣಿಗೆ ಇಳಿಯುತ್ತದೆ. ರಸ್ತೆಯ ಅಂಚು ಮುರಿಯುವುದು ಹೀಗೆ.

ಈಗ ತೂಕದ ಲೆಕ್ಕ. ಇಲ್ಲೇ ಎಲ್ಲರೂ ತಪ್ಪುವುದು. ನಮ್ಮಲ್ಲಿ ಜಲ್ಲಿ ಕೊಳ್ಳುವುದು ಅಡಿ (ಅಂದರೆ ಘನ ಅಡಿ) ಲೆಕ್ಕದಲ್ಲಿ, ರಸ್ತೆ ಹೊರುವುದು ಟನ್ ಲೆಕ್ಕದಲ್ಲಿ. ನೂರು ಅಡಿ ಜಲ್ಲಿ ಎಂದರೆ ಹತ್ತಿರಹತ್ತಿರ ನಾಲ್ಕೂಕಾಲು ಟನ್. ಒದ್ದೆ ಎಂ-ಸ್ಯಾಂಡ್ ಆದರೆ ಇನ್ನೂ ಜಾಸ್ತಿ. ಆರ್ಡರ್ ಕೊಡುವಾಗ ಕೇಳಿ, "ಅಣ್ಣ, ಎಷ್ಟು ಅಡಿ ತುಂಬಿಸ್ತೀರಿ?" ಅಂತ. 500 ಅಡಿ ಎಂದರೆ 21 ಟನ್ ಜಲ್ಲಿ. ಖಾಲಿ ಟಿಪ್ಪರೇ 11 ಟನ್ ಮೇಲಿರುತ್ತದೆ. ಒಟ್ಟು 32 ದಾಟಿತು. ಹತ್ತು ಚಕ್ರದ ಗಾಡಿಗೆ ಮೊದಲು 25 ಟನ್ ಮಿತಿ ಇತ್ತು, 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಅದನ್ನು 28.5ಕ್ಕೆ ಏರಿಸಿತು. ನಿಮ್ಮ ಗಾಡಿಗೆ ಎಷ್ಟು ಎಂಬುದು ಆರ್‌ಸಿಯಲ್ಲಿ ಇರುತ್ತದೆ. ಆದರೆ ಒಂದು ಮಾತು ನೆನಪಿಡಿ. ಅದು ಗಾಡಿಯ ಮಿತಿ, ನಿಮ್ಮ ಮೋರಿಯ ಮಿತಿ ಅಲ್ಲ. ಆರ್‌ಸಿ ಸರಿ ಇದ್ದ ಗಾಡಿಯೂ ಮೋರಿ ಮುರಿಯಬಹುದು.

"ಹಾಗಾದರೆ ಆರು ಚಕ್ರದ್ದು ತರಿಸಿದರೆ ಆಯಿತಲ್ವಾ?" ಎಂದು ಕೇಳುತ್ತಾರೆ. ಮೋರಿಗೆ ಅದು ಒಳ್ಳೆಯದೇ, ಒಟ್ಟು ಭಾರ ಕಡಿಮೆ. ಡಾಮರಿನ ಲೆಕ್ಕ ಬೇರೆ. ಡಾಮರು ನೋಡುವುದು ಒಂದೊಂದು ಆಕ್ಸಲ್, ಅಂದರೆ ಎರಡೂ ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚಿನ ಮೇಲಿನ ಭಾರವನ್ನು. ಹತ್ತು ಚಕ್ರದ ಗಾಡಿಗೆ ಹಿಂದಿನ ಎರಡು ಆಕ್ಸಲ್ ಸೇರಿ 21 ಟನ್, ಅಂದರೆ ಒಂದಕ್ಕೆ ಹತ್ತೂವರೆ. ಆರು ಚಕ್ರದ್ದಕ್ಕೆ ಹಿಂದೆ ಒಂದೇ ಆಕ್ಸಲ್, ಅದರ ಮಿತಿ ಹನ್ನೊಂದೂವರೆ ಟನ್! ಪೂರ್ತಿ ತುಂಬಿದರೆ ಚಿಕ್ಕ ಗಾಡಿಯ ಆಕ್ಸಲ್ಲೇ ಹೆಚ್ಚು ಒತ್ತುತ್ತದೆ.

ಆಕ್ಸಲ್ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು 16 ಪಟ್ಟು. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿಯೇ ಕಂಡುಕೊಂಡ ಲೆಕ್ಕ ಇದು. ಇಂಜಿನಿಯರುಗಳು 8.2 ಟನ್ ಆಕ್ಸಲ್ಲನ್ನು ಒಂದು ಅಳತೆಯಾಗಿ ಇಟ್ಟುಕೊಳ್ಳುತ್ತಾರೆ. ಹನ್ನೊಂದೂವರೆ ಟನ್ನಿನ ಆಕ್ಸಲ್ ಒಮ್ಮೆ ಹೋದರೆ ಆ ಅಳತೆಯ ಆಕ್ಸಲ್ ನಾಲ್ಕು ಸಲ ಹೋದ ಹಾಗೆ. ಅದೇ ಗಾಡಿಗೆ ಅರ್ಧ ತುಂಬಿದರೆ ಹಿಂದಿನ ಆಕ್ಸಲ್ ಎಂಟು ಟನ್ ಸುತ್ತಮುತ್ತ ನಿಲ್ಲುತ್ತದೆ. ಎರಡು ಸಲ ಬಂದರೂ ಎರಡೇ ಪೆಟ್ಟು. ಟ್ರಿಪ್ ಜಾಸ್ತಿ ಆದರೂ ರಸ್ತೆಗೆ ಲಾಭವೇ. ಅದಕ್ಕೇ ನಾನು ಹೇಳುವುದು: ಆರು ಚಕ್ರ, ಅರ್ಧ ಲೋಡು. ಬಾಡಿಗೆ ಜಾಸ್ತಿ ಬೀಳುತ್ತದೆ, ಸುಳ್ಳಲ್ಲ. ಮೋರಿ ದುರಸ್ತಿಗೆ ಕಾಯುವ ಕಷ್ಟದ ಮುಂದೆ ಅದು ದೊಡ್ಡದಲ್ಲ.

ಕೆಂಪುಕಲ್ಲು, ಜಲ್ಲಿ, ಮರಳು ಇವನ್ನೆಲ್ಲ ಏಪ್ರಿಲ್ ಮುಗಿಯುವುದರೊಳಗೆ ತರಿಸಿಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಲೋಡು ಬೇಡವೇ ಬೇಡ. ನೀರು ಕುಡಿದ ಮಣ್ಣಿಗೆ ಬಲ ಇರುವುದಿಲ್ಲ. ಮೋರಿ ಸರಿ ಇಲ್ಲದಿದ್ದರೆ ಮುಖ್ಯ ರಸ್ತೆಯ ಹತ್ತಿರ ಯಾರದಾದರೂ ಜಾಗ ಕೇಳಿ ಇಳಿಸಿ, ಪಿಕಪ್‌ನಲ್ಲಿ ಸಾಗಿಸಿ.

ನಿಮ್ಮದಲ್ಲದ ಗಾಡಿ, ಕೋರೆಯದ್ದೋ ಮಣ್ಣಿನದ್ದೋ, ದಿನಾ ಓಡುತ್ತಿದ್ದರೆ ಅಡ್ಡ ನಿಂತು ಜಗಳ ಮಾಡಬೇಡಿ. ಚಾಲಕನ ಕಷ್ಟ ನನಗೆ ಗೊತ್ತು, ಲೋಡು ತೀರ್ಮಾನಿಸುವುದು ಅವನಲ್ಲ. ಗಾಡಿ ನಂಬರು, ತಾರೀಕು, ಸಮಯ ಬರೆದಿಡಿ. ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕು, ಅಲ್ಲಿ ಹೇಳಿ ಬರೆಸಿ. ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಒಂದು ರಸ್ತೆಗೆ ಭಾರದ ಗಾಡಿ ಬಾರದಂತೆ ತಡೆಯುವ ಅಧಿಕಾರ ಸರ್ಕಾರಕ್ಕೂ ಅದು ನೇಮಿಸಿದ ಅಧಿಕಾರಿಗೂ ಇದೆ. ಆಗ ನೆಡುವ ಕೆಂಪು ಅಂಚಿನ ದುಂಡು ಬೋರ್ಡಿಗೆ ಬೆಲೆ ಇದೆ. ನಾವೇ ಹಲಗೆಗೆ ಬಣ್ಣ ಬಳಿದು ನೆಟ್ಟದ್ದಕ್ಕೆ ಇಲ್ಲ. ಮಿತಿ ಮೀರಿ ತುಂಬಿದ್ದರೆ 194ನೇ ಸೆಕ್ಷನ್‌ನಲ್ಲಿ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ದಂಡ ಇದೆ. ಹೆಚ್ಚಿನ ಲೋಡು ಇಳಿಸದೆ ಗಾಡಿ ಬಿಡುವಂತಿಲ್ಲ.

ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಮಲಯಾಳ ಬರುವುದಿಲ್ಲ ಎಂದು ಸುಮ್ನೆ ಕೂರಬೇಡಿ. ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಮೋರಿಯ ಅಡಿಭಾಗದ ಫೋಟೊ ಜೊತೆಗಿಡಿ. ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.

ನಿಮ್ಮ ಕೊನೆಯ ಲೋಡು ಇಳಿದ ದಿನ ಇನ್ನೊಂದು ಕೆಲಸ ಇದೆ. ಹಾರೆ ಹಿಡಿದು ರಸ್ತೆಯುದ್ದಕ್ಕೂ ಹೋಗಿ. ಚಕ್ರ ತಳ್ಳಿದ ಮಣ್ಣು ಚರಂಡಿ ಮುಚ್ಚಿರುತ್ತದೆ. ಅವತ್ತೇ ಬಿಡಿಸಿ. ಬಿಟ್ಟರೆ ಮೊದಲ ಮಳೆಯ ನೀರು ಡಾಮರಿನ ಅಡಿಗೇ ಇಳಿಯುತ್ತದೆ.